ಕೈಮಾತು ಹೊತ್ತ ಪೆಟ್ಟಿಗೆ

ನನ್ನನ್ನು ಕಂಡವರು ಮೊದಲು ಕೇಳುವುದು ನನ್ನ ಹೆಸರನ್ನಲ್ಲ, ಪಾಸ್‌ವರ್ಡನ್ನು. ಆದ್ದರಿಂದ ಹೆಸರನ್ನು ನಾನೇ ಹೇಳಿಬಿಡುತ್ತೇನೆ. ನಾನು ಒಂದು ರೌಟರ್. ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ. ಬೆನ್ನಿಗೆ ಎರಡು ಕೋಲು, ಎದೆಗೆ ಒಂದು ಸಾಲು ಹಸಿರು ದೀಪ. ಮನೆಗೆ ಬಂದ ಇಂಟರ್ನೆಟ್ಟಿನಲ್ಲಿ ಯಾರ ಫೋನಿಗೆ ಎಷ್ಟು, ಏನು ಸೇರಬೇಕೋ ಅದನ್ನು ಸೇರಿಸುವುದು ನನ್ನ ಕಸುಬು.

ಹುಟ್ಟಿದ್ದು ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ. ನನ್ನಂಥವು ಅಲ್ಲಿ ಸಾವಿರಾರು ಇದ್ದವು. ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಹೆತ್ತವರಿಗೂ ಸಾಧ್ಯವಿರಲಿಲ್ಲ. ಆದರೂ ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಯಡಿ ಒಂದು ಚೀಟಿ ಅಂಟಿಸಿದಳು. ಅದರಲ್ಲಿದ್ದ ಉದ್ದನೆಯ ಗುರುತು ನನ್ನದೊಬ್ಬನದೇ. ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಮನುಷ್ಯರ ಮೈಮೇಲಿನ ಹುಟ್ಟುಮಚ್ಚೆಯ ಹಾಗೆ. ಊರು ಬದಲಾದರೂ ಮನೆ ಬದಲಾದರೂ ಅದು ಜೊತೆಗೇ ಬರುತ್ತದೆ.

ಮೊದಲು ನಾನು ಸೇರಿದ್ದು ಗದಗದ ರೈಲು ನಿಲ್ದಾಣದ ಹತ್ತಿರದ ಒಂದು ಲಾಡ್ಜನ್ನು. ದಿನಕ್ಕೊಂದು ಮುಖ, ದಿನಕ್ಕೊಂದು ಫೋನು. ಬಂದವರು ಪಾಸ್‌ವರ್ಡು ಕೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊರೊನಾ ಬಂದಾಗ ಲಾಡ್ಜಿಗೆ ಬೀಗ ಬಿತ್ತು. ಕೇಬಲ್ಲಿನ ದಾವಲಸಾಬ ಬಂದು ನನ್ನನ್ನು ಬಿಚ್ಚಿಕೊಂಡು ಹೋದ. ತನ್ನ ಅಂಗಡಿಯಲ್ಲಿ ಸಣ್ಣ ಪಿನ್ನೊಂದನ್ನು ನನ್ನ ಬೆನ್ನಿನ ತೂತಿಗೆ ಚುಚ್ಚಿ ಒತ್ತಿ ಹಿಡಿದ. ಅದು ರೀಸೆಟ್.

ಮನೆಯವರು ರೀಸೆಟ್ಟನ್ನೂ ರೀಸ್ಟಾರ್ಟನ್ನೂ ಒಂದೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಸ್ವಿಚ್ ಆರಿಸಿ ಹಾಕಿದರೆ ರೀಸ್ಟಾರ್ಟ್: ಒಂದು ಚಿಕ್ಕ ನಿದ್ದೆ ಮಾಡಿ ಎದ್ದ ಹಾಗೆ, ದಣಿವು ಹೋಗುತ್ತದೆ, ನೆನಪು ಉಳಿಯುತ್ತದೆ. ರೀಸೆಟ್ ಎಂದರೆ ಮರುಹುಟ್ಟು. ಲಾಡ್ಜಿನ ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿಹೋದವು. ಅಲ್ಲಿನ ಬೇಸರ ಮಾತ್ರ ಯಾಕೋ ಅಳಿಯಲಿಲ್ಲ.

ಅದೇ ವಾರ ದಾವಲಸಾಬ ನನ್ನನ್ನು ಬೆಟಗೇರಿಯ ಒಂದು ಮನೆಗೆ ಒಯ್ದ. ಅದು ಇಂದುಮತಿಯವರ ಮನೆ.

ಇಂದುಮತಿ ಹೊಂಬಳ ಟೆಲಿಫೋನ್ ಆಪರೇಟರ್ ಆಗಿದ್ದವರು. ಊರೂರಿಗೆ ಟ್ರಂಕ್ ಕಾಲ್ ಹೋಗುತ್ತಿದ್ದ ಕಾಲದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ ಇವರನ್ನು ಅವರಿಗೆ ಜೋಡಿಸುತ್ತಿದ್ದವರು. ಆಮೇಲೆ ಬೋರ್ಡು ಹೋಯಿತು, ಅವರು ಕೌಂಟರಿಗೆ ಬಂದರು, ನಿವೃತ್ತರಾದರು. ಗಂಡ ಈಶ್ವರಪ್ಪನವರು ರೈಲ್ವೆ ಗಾರ್ಡ್ ಆಗಿದ್ದವರು. ಈಗ ಫೋನಿನಲ್ಲಿ ಕುಸ್ತಿ ನೋಡುವುದು ಅವರ ದಿನಚರಿ. ಒಬ್ಬಳೇ ಮಗಳು ಶೈಲಾ. ಮದುವೆಯಾಗಿ ಬೆಳಗಾವಿಯಲ್ಲಿದ್ದಳು.

ಶೈಲಾಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವಳ ಗಂಡ ಮಹಾಂತೇಶನಿಗೂ ಕೇಳುವುದಿಲ್ಲ. ಊರಿನವರನ್ನೆಲ್ಲ ಊರಿನವರಿಗೆ ಮಾತಾಡಿಸಿದ ಇಂದುಮತಿಯವರು ತಮ್ಮ ಮಗಳೊಂದಿಗೆ ಒಂದು ದಿನವೂ ಫೋನಿನಲ್ಲಿ ಮಾತಾಡಿದವರಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೆಳಗಾವಿಗೆ ಹೋಗಿ ಮುಖ ನೋಡಿ ಬರುತ್ತಿದ್ದರು. ಈಗ ಬಸ್ಸೂ ನಿಂತಿತ್ತು. ಅದಕ್ಕೇ ನನ್ನನ್ನು ಕರೆಸಿದ್ದು.

ದಾವಲಸಾಬ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಜಡಿದ, ಅದರ ಪಕ್ಕದ ಶೋಕೇಸಿನ ಮೇಲೆ ನನ್ನನ್ನು ಕೂರಿಸಿದ, ಇಬ್ಬರ ನಡುವೆ ಒಂದು ವೈರು ಎಳೆದ.

"ಅಕ್ಕಾರ, ಈ ಬಿಳೇ ಪೆಟಗಿ ಮೋಡೆಮ್ ರೀ. ಹೊರಗಿಂದ ಫೈಬರ್ ಎಳಿಯೊಳಗ ಬೆಳಕಾಗಿ ಬಂದದ್ದನ್ನ ನಮ್ಮ ಮಶೀನಿಗೆ ತಿಳಿಯೋಹಂಗ ಮಾಡ್ತೈತಿ. ಈ ಕರೇದು ರೌಟರ್. ಅದನ್ನ ಮನ್ಯಾಗ ಹಂಚತೈತಿ."

ಇಂದುಮತಿಯವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಅಂದ್ರ ಅದು ದುಭಾಷಿ, ಇದು ಆಪರೇಟರ್. ಮನ್ಯಾಗ ಎರಡು ಫೋನ್ ಅದಾವ, ಟೀವಿ ಐತಿ. ಯಾವುದು ಯಾರಿಗೆ ಅನ್ನೋದು ಇದಕ್ಕ ಹೆಂಗ ತಿಳೀತೈತಿ?"

"ಎಲ್ಲಾದಕ್ಕೂ ಒಂದೊಂದು ನಂಬರ್ ಕೊಡತೈತ್ರಿ. ಐಪಿ ಅಡ್ರೆಸ್ ಅಂತಾರ. ಹೊರಗಿನವ್ರಿಗೆ ಮನಿಗೆಲ್ಲಾ ಒಂದೇ ನಂಬರ್, ಒಳಗ ಬ್ಯಾರೆ ಬ್ಯಾರೆ."

"ಎಕ್ಸ್‌ಟೆನ್ಶನ್!" ಎಂದರು ಇಂದುಮತಿಯವರು. ಮುಖದಲ್ಲಿ ಹಳೆಯ ಊರಿನವರು ಸಿಕ್ಕಂಥ ಬೆಳಕು. "ಬ್ಯಾಂಕಿನಾಗ ಹಂಗ ಇರ್ತಿತ್ತು. ಹೊರಗ ಒಂದ ನಂಬರ್, ಒಳಗ ಮ್ಯಾನೇಜರಿಗೆ ಒಂದು, ಕ್ಯಾಶಿಯರಿಗೆ ಒಂದು. ಆತು, ನಂಬರ್ ಗೊತ್ತಿಲ್ದ ಬರೇ ಹೆಸರು ಹೇಳಿದ್ರ?"

"ಹೆಸರಿಗೆ ನಂಬರ್ ಹುಡುಕಿ ಕೊಡಾಕ ಬ್ಯಾರೇನ ಒಂದು ಐತ್ರಿ. ಡಿಎನ್‌ಎಸ್ ಅಂತಾರ."

"ಡೈರೆಕ್ಟರಿ ಎನ್‌ಕ್ವಾಯರಿ ಅನ್ನು. ನಾ ಎರಡು ವರ್ಷ ಅದ ಕುರ್ಚಿಮ್ಯಾಲ ಕುಂತಿದ್ದೆ."

ದಾವಲಸಾಬ ನಕ್ಕುಬಿಟ್ಟ. "ಹಂಗಾದ್ರ ನಾ ಏನ್ ಹೇಳೋದೈತ್ರಿ ಅಕ್ಕಾರ? ನೀವ ಇದರ ಅವ್ವ ಇದ್ದಂಗ. ನೆಟ್‌ವರ್ಕಿಗೆ ಏನ್ ಹೆಸರು ಇಡ್ಲಿರಿ?"

"ಗದಗ ಟ್ರಂಕ್ ಅಂತ ಇಡು."

ಪಕ್ಕದ ಮನೆಯವರ ಫೋನಿನಲ್ಲೂ ಆ ಹೆಸರು ಕಾಣಿಸಿಕೊಂಡಿತು. ಇವರು ಟ್ರಂಕು, ಪೆಟ್ಟಿಗೆಯ ವ್ಯಾಪಾರ ಶುರುಮಾಡಿದ್ದಾರೆಂದು ಅವರು ಕೆಲವು ದಿನ ಅಂದುಕೊಂಡಿದ್ದರು.

ಮೊದಲ ಕರೆಯನ್ನು ನಾನು ಮರೆತಿಲ್ಲ. ಚಿತ್ರವಿರಲಿ, ದನಿಯಿರಲಿ, ಇಡಿಯಾಗಿ ನನ್ನ ಮೂಲಕ ಹೋಗುವುದಿಲ್ಲ. ಸಣ್ಣ ಸಣ್ಣ ಚೂರುಗಳಾಗುತ್ತದೆ. ಒಂದೊಂದು ಚೂರಿಗೂ ಒಂದು ವಿಳಾಸ, ಒಂದು ಕ್ರಮಸಂಖ್ಯೆ. ಇವನ್ನು ಪ್ಯಾಕೆಟ್ ಎನ್ನುತ್ತಾರೆ. ನಾನು ಅಂಚೆಯವನಂತೆ ವಿಳಾಸ ಓದಿ ಮುಂದೆ ಕಳಿಸುತ್ತೇನೆ, ಒಳಗೆ ಇಣುಕುವುದಿಲ್ಲ. ಆ ಕಡೆಯ ಫೋನು ಅವನ್ನೆಲ್ಲ ಮತ್ತೆ ಜೋಡಿಸುತ್ತದೆ. ಮನೆಯಲ್ಲಿ ಏನಾಯಿತೆಂದು ನನಗೆ ತಿಳಿದದ್ದೆಲ್ಲ ಶೋಕೇಸಿನ ಮೇಲಿಂದ ಕಂಡದ್ದು, ಕೇಳಿದ್ದು.

ಇಂದುಮತಿಯವರು ಅಡುಗೆಮನೆಯಲ್ಲಿ ನಿಂತು ಫೋನು ಹಿಡಿದರು. ತುಟಿಗಳನ್ನು ದೊಡ್ಡದಾಗಿ ಅಲ್ಲಾಡಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಊ-ಟ ಆ-ತೇ-ನು?" ಶೈಲಾ ಓದಿದ ಶಾಲೆಯಲ್ಲಿ ಆ ಕಾಲಕ್ಕೆ ಮನೆಯವರಿಗೆ ಕೈಸನ್ನೆ ಬೇಡ ಎಂದಿದ್ದರು, ತುಟಿ ನೋಡಿ ಕಲಿಯಲಿ, ಇಲ್ಲದಿದ್ದರೆ ಮಾತೇ ಬರುವುದಿಲ್ಲ ಎಂದಿದ್ದರು. ಹಾಗಾಗಿ ತಾಯಿಗೂ ಮಗಳಿಗೂ ನಡುವೆ ಇದ್ದದ್ದು ತುಟಿಯ ದಾರಿಯೊಂದೇ. ಎದುರುಬದುರು ಕೂತಾಗ ಹೇಗೋ ನಡೆಯುತ್ತಿತ್ತು. ಅಂಗೈಯಗಲದ ಪರದೆಯಲ್ಲಿ, ತಡವರಿಸುವ ಚಿತ್ರದಲ್ಲಿ, ತುಟಿ ಯಾವುದು ನೆರಳು ಯಾವುದು? ಶೈಲಾ ಹುಬ್ಬು ಗಂಟಿಕ್ಕಿದಳು, ತಲೆಯಾಡಿಸಿದಳು, ಕೊನೆಗೆ ಕರೆ ಕಡಿದಳು.

ಚಿತ್ರ ತಡವರಿಸಿದ್ದರಲ್ಲಿ ನನ್ನ ಪಾಲೂ ಇತ್ತು. ಅಡುಗೆಮನೆಗೂ ನನಗೂ ನಡುವೆ ಒಂದು ದಪ್ಪ ಗೋಡೆ, ಅದಕ್ಕೆ ಒರಗಿದ ಕಬ್ಬಿಣದ ತಿಜೋರಿ. ನನ್ನ ಸಿಗ್ನಲ್ ಗಾಳಿಯಲ್ಲಿ ತೇಲಿ ಹೋಗುವಂಥದು. ಗೋಡೆ ಕಂಡರೆ ಸೊರಗುತ್ತದೆ, ಕಬ್ಬಿಣ ಕಂಡರೆ ನಿಂತೇಬಿಡುತ್ತದೆ. ನಮ್ಮ ಕೈಯಲ್ಲಿ ಎರಡು ಬಗೆಯ ಸಿಗ್ನಲ್ ಇವೆ. ಒಂದು ದೂರಕ್ಕೆ ಹೋಗುತ್ತದೆ, ಆದರೆ ನಿಧಾನ. ಇನ್ನೊಂದು ಬಲು ಚುರುಕು, ಆದರೆ ಎದುರಿಗೇ ಕೂರಬೇಕು. ದಾವಲಸಾಬ ಬಂದು ನೋಡಿ, "ಅಕ್ಕಾರ, ಪಡಸಾಲ್ಯಾಗ ಇದರ ಮುಂದ ಕುಂದರ್ರಿ. ಮುಗೀತು," ಎಂದ. ಚಿತ್ರ ಸರಿಯಾಯಿತು. ತುಟಿ ಸರಿಯಾಗಲಿಲ್ಲ.

ಆ ಸಂಜೆ ಶೈಲಾಳಿಂದ ಒಂದು ಮೆಸೇಜು ಬಂತು. ಇಂದುಮತಿಯವರು ಅದನ್ನು ಗಂಡನಿಗೆ ಓದಿ ಹೇಳಿದರು.

"ಅವ್ವಾ, ನಿನ್ನ ತುಟಿ ನೋಡಿ ಅರ್ಧ ತಿಳೀತೈತಿ, ಉಳದದ್ದು ಊಹಾ ಮಾಡ್ತೀನಿ. ಸಣ್ಣಾಕಿ ಇದ್ದಾಗಿಂದ ಹಂಗ. ಒಮ್ಮೆರ ಪೂರಾ ತಿಳೀಬೇಕು ಅನಸ್ತೈತಿ."

ಈಶ್ವರಪ್ಪನವರು ಕುಸ್ತಿಯನ್ನು ನಿಲ್ಲಿಸಿದರು. ಆ ಮೆಸೇಜನ್ನು ತಾವೂ ಒಮ್ಮೆ ಓದಿದರು. ಆಮೇಲೆ ಇಂದುಮತಿಯವರು, "ಇಷ್ಟು ವರ್ಷ ಅಕಿ ನಮ್ಮ ಹಾದಿಗೆ ಬಂದಳು. ಇನ್ನ ನಾ ಅಕೀ ಹಾದಿಗೆ ಹೊಕ್ಕೀನಿ," ಎಂದರು.

ಮರುದಿನದಿಂದ ಕೈಮಾತಿನ ಪಾಠ, ಶೈಲಾ ಗಂಡನೊಂದಿಗೆ ಆಡುತ್ತಿದ್ದ ಮಾತು ಅದು. ಸಂಜೆ ದೀಪ ಹಚ್ಚಿದ ಮೇಲೆ ನನ್ನೆದುರು ಒಂದು ಸ್ಟೂಲು, ಅದರ ಮೇಲೆ ಡಬ್ಬಿಗೆ ಒರಗಿಸಿದ ಫೋನು, ಎದುರಿಗೆ ಇಂದುಮತಿಯವರು. ಪರದೆಯೊಳಗೆ ಶೈಲಾ ಕೈ ಎತ್ತಿ ತೋರಿಸುತ್ತಿದ್ದಳು. ಇವರು ಹಾಗೆಯೇ ಮಾಡುತ್ತಿದ್ದರು. ಮಾಡುವಾಗ ಬಾಯಿಯಿಂದಲೂ ಅನ್ನುವ ಅಭ್ಯಾಸ ಅವರಿಗೆ. ಹಾಗೆ ನಾನೂ ಕಲಿತೆ. ಇದು ನೀರು, ಇದು ನಾಳೆ, ಇದು ಬೇಸರ, ಇದು ಸುಳ್ಳು ಹೇಳಬೇಡ. ಅರವತ್ತು ದಾಟಿದ ಬೆರಳುಗಳು ಒಮ್ಮೊಮ್ಮೆ ಮಾತು ತಪ್ಪುತ್ತಿದ್ದವು. ಒಂದು ಸಲ "ಮಹಾಂತೇಶ ಹೆಂಗದಾನ" ಎನ್ನಲು ಹೋಗಿ ಏನು ತೋರಿಸಿದರೋ, ಶೈಲಾ ನಕ್ಕು ನಕ್ಕು ಅವಳ ಫೋನೇ ಮಗುಚಿತು. ಪರದೆಯಲ್ಲಿ ಕಂಡ ಅವಳ ಮನೆಯ ಛತ್ತನ್ನೇ ನೋಡುತ್ತ ಇಂದುಮತಿಯವರೂ ನಕ್ಕರು. "ಏನಂದೆ ನಾ? ಹೇಳ, ಏನಂದೆ?" ಎಂದು ಕೇಳುತ್ತಲೇ ಇದ್ದರು. ಶೈಲಾ ಹೇಳಲಿಲ್ಲ.

ಈಶ್ವರಪ್ಪನವರು ಪಕ್ಕದ ಕುರ್ಚಿಯಲ್ಲಿ ಕೂತು ಕುಸ್ತಿ ನೋಡುವುದು ಬಿಡಲಿಲ್ಲ. ಚಿತ್ರ ನಿಂತಾಗಲೆಲ್ಲ ಇಂದುಮತಿಯವರು ತಿರುಗಿ ನೋಡುತ್ತಿದ್ದರು. ಮನೆಗೆ ಬರುವ ದಾರಿ ಒಂದೇ. ಅದರ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಇಬ್ಬರೂ ಅದೇ ದಾರಿಯಲ್ಲಿ ಗಾಡಿ ಹೊಡೆದರೆ ಇಕ್ಕಟ್ಟಾಗಲೇಬೇಕು. "ರೀ, ನಿಮ್ಮ ಪೈಲವಾನರನ್ನ ಚೂರು ಬದಿಗೆ ಸರಸ್ರಿ," ಎಂದರೆ ಅವರು ಮುಖ ಊದಿಸಿಕೊಂಡು ಫೋನು ಬದಿಗಿಡುತ್ತಿದ್ದರು. ಹಾಗೆ ಬದಿಗಿಟ್ಟ ಒಂದು ಸಂಜೆಯೇ ಶೈಲಾ ಪರದೆಯಲ್ಲಿ ಎರಡೂ ತೋಳು ಮಡಚಿ ಮೆಲ್ಲಗೆ ತೂಗಿದಳು. ಸನ್ನೆ ಕಲಿಯದ ಈಶ್ವರಪ್ಪನವರೇ ಮೊದಲು ತಿಳಿದುಕೊಂಡರು.

"ಇಂದೂ! ಅಜ್ಜಿ ಆದಿ ನೀ!"

ಹೆರಿಗೆಯ ದಿನಗಳು ಹತ್ತಿರ ಬಂದಾಗ ಕೊರೊನಾ ಮತ್ತೆ ಜೋರಾಗಿತ್ತು. ಬಾಣಂತನಕ್ಕೆ ಕರೆತರುವ ಮಾತು ನಿಂತಿತು. ಇಂದುಮತಿಯವರು ಹೊರಡಲು ಬಟ್ಟೆ ಕಟ್ಟಿದರು. ಜ್ವರ ಬಂದು ಮಲಗಿದರು. ಏಳುವ ಹೊತ್ತಿಗೆ ಜಿಲ್ಲೆ ದಾಟುವ ದಾರಿ ಮುಚ್ಚಿತ್ತು. "ಮಹಾಂತೇಶ ಅದಾನಲ್ಲ," ಎಂದು ಗಂಡ ಸಮಾಧಾನ ಹೇಳಿದರೆ, ಅವರು ನನ್ನತ್ತ ನೋಡುತ್ತ, "ಅಂವಗೂ ಕೇಳೂದಿಲ್ಲಲ್ರೀ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ, ಊಟದ ತಟ್ಟೆ ಇನ್ನೂ ಎತ್ತಿರಲಿಲ್ಲ, ಶೈಲಾಳ ಫೋನಿನಿಂದ ಕರೆ ಬಂತು. ಪರದೆಯಲ್ಲಿ ಶೈಲಾ ಇರಲಿಲ್ಲ. ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿಕೊಂಡಿದ್ದ ಒಬ್ಬ ಡಾಕ್ಟರು ಇದ್ದರು.

"ನೀವು ಪೇಶಂಟ್ ತಾಯೇನ್ರಿ? ಇವರಿಗೆ ನಾವು ಹೇಳೋದು ತಿಳೀವಲ್ದು. ನಮ್ಮ ಬಾಯಿಗೆಲ್ಲಾ ಮಾಸ್ಕ್ ಐತಿ. ಬರದು ತೋರಿಸಿದ್ವಿ, ಬ್ಯಾನ್ಯಾಗ ಓದಾಕ ಆಗವಲ್ದು. ಗಂಡನ್ನ ಒಳಗ ಬಿಡಾಕ ಬರೂದಿಲ್ಲ. ಕೂಸಿನ ಎದಿಬಡತ ಇಳ್ಯಾಕತ್ತೈತ್ರಿ. ಲಗೂನ ಆಪರೇಶನ್ ಆಗಬೇಕು. ಬೆನ್ನಿಗೆ ಸೂಜಿ ಕೊಡಬೇಕು, ಇವರು ಕೈ ಹಚ್ಚಗೊಡವಲ್ರು."

ಮಾಸ್ಕು. ಬದುಕಿನುದ್ದಕ್ಕೂ ತುಟಿ ನೋಡಿ ಬದುಕಿದವಳ ಸುತ್ತ ಆ ದಿನ ಒಂದು ತುಟಿಯೂ ಇರಲಿಲ್ಲ.

ಇಂದುಮತಿಯವರ ದನಿ ಬದಲಾಯಿತು. ಸಾವಿರ ಕರೆ ಜೋಡಿಸಿದವರ ದನಿ ಅದು, ನಡುಕವಿಲ್ಲದ್ದು. "ಡಾಕ್ಟರ, ಫೋನ್ ಅಕೀ ಮಾರಿ ಮುಂದ ಹಿಡೀರಿ. ನೀವು ನನಗ ಹೇಳ್ರಿ, ನಾ ಅಕೀಗೆ ದಾಟಸ್ತೀನಿ."

ಫೋನು ತಿರುಗಿತು. ಹಾಸಿಗೆಯ ಮೇಲೆ ಶೈಲಾ. ಕೂದಲು ಹಣೆಗೆ ಅಂಟಿತ್ತು, ಕಣ್ಣು ಅತ್ತಿತ್ತ ಓಡುತ್ತಿತ್ತು. ತಾಯಿಯ ಕೈ ಎದ್ದಿತು. ಮಾತು ಆರಂಭವಾಯಿತು. ಶೈಲಾ ಪರದೆಯನ್ನು ನೋಡಿದಳು, ಕಣ್ಣು ಕಿರಿದು ಮಾಡಿದಳು, ತಲೆ ಅಲ್ಲಾಡಿಸಿದಳು. ಅವಳ ಬೆರಳು ಹೇಳಿತು: ಕಾಣುತ್ತಿಲ್ಲ. ನಿಂತುಬಿಟ್ಟಿದ್ದೀ. ಕಾಣುತ್ತಿಲ್ಲ.

ಅವಳ ಚಿತ್ರ ನಮಗೆ ಚೆನ್ನಾಗಿಯೇ ಬರುತ್ತಿತ್ತು. ನಮ್ಮದು ಅವಳಿಗೆ ಹೋಗುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ಆದರೆ ನನಗೆ ಬಾಯಿಲ್ಲ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಬರುವುದಕ್ಕೆ ಡೌನ್‌ಲೋಡ್, ಹೋಗುವುದಕ್ಕೆ ಅಪ್‌ಲೋಡ್. ಆ ಮನೆಯ ಸಂಪರ್ಕದಲ್ಲಿ ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಆ ಕಿರಿದಾದ ದಾರಿಯಲ್ಲಿ ಇನ್ನೊಂದು ಫೋನಿನ ಚೂರುಗಳು ಸಾಲುಗಟ್ಟಿ ನಿಂತಿದ್ದವು. ಇಂದುಮತಿಯವರ ಕೈಗಳು ಆ ಸಾಲಿನ ಹಿಂದೆ ಕಾಯುತ್ತಿದ್ದವು. ತಡವಾಗಿ ಬಂದ ಚೂರನ್ನು ವಿಡಿಯೋ ಕರೆ ಕಾಯುವುದಿಲ್ಲ, ಎಸೆದುಬಿಡುತ್ತದೆ. ಎಸೆದಲ್ಲಿ ಚಿತ್ರ ಕಲ್ಲಾಗುತ್ತದೆ.

ಇಂದುಮತಿಯವರು ಒಂದು ಗಳಿಗೆ ನನ್ನ ದೀಪಗಳನ್ನು ನೋಡಿದರು. ಅವು ಎಡೆಬಿಡದೆ ಮಿಣುಕುತ್ತಿದ್ದವು.

"ರೀ! ಅಕಿ ನಮಗ ಕಾಣ್ತಾಳ, ನಾ ಅಕೀಗೆ ಕಾಣವಲ್ಲೆ. ಹೋಗೂ ಲೈನು ತುಂಬೈತಿ. ನಿಮ್ಮ ಫೋನ್ ಏನರ ಕಳಸಾಕತ್ತೈತೇನ್ ನೋಡ್ರಿ!"

ಈಶ್ವರಪ್ಪನವರು ಫೋನು ತೆಗೆದು ನೋಡಿದರು. "ಶೈಲಾನ ಮದುವಿ ವಿಡಿಯೋ... ಫೋನ್ ಕೆಟ್ಟರ ಹೊಕ್ಕಾವಂತ ಮುಂಜಾನೆ ಇಂಟರ್ನೆಟ್ಟಿಗೆ ಏರಸಾಕ ಹಚ್ಚಿದ್ದೆ."

"ನಿಲ್ಲಸ್ರಿ!"

ಅವರು ಫೋನನ್ನೇ ಆರಿಸಿದರು. ಅಷ್ಟಕ್ಕೆ ಬಿಡಲಿಲ್ಲ, ಟೀವಿಯ ಪ್ಲಗ್ಗು ಕಿತ್ತರು, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತರು. ನನ್ನ ಪ್ಲಗ್ಗಿಗೂ ಕೈ ಹಾಕಿದವರು, "ಅದನ್ನ ಮುಟ್ಟಬ್ಯಾಡ್ರಿ!" ಎಂಬ ಕೂಗಿಗೆ ಸುಟ್ಟವರಂತೆ ಹಿಂದೆ ಸರಿದರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತರು, ತಾವು ಅಲ್ಲಾಡಿದರೂ ಲೈನು ಕಡಿದೀತೆಂಬಂತೆ.

ದಾರಿ ಖಾಲಿಯಾಯಿತು. ಶೈಲಾಳ ಕಣ್ಣು ಒಮ್ಮೆಲೆ ನಿಂತಿತು. ತಾಯಿಯನ್ನು ಹಿಡಿಯಿತು.

ಇಂದುಮತಿಯವರ ಕೈಗಳು ಅಷ್ಟು ನಿಚ್ಚಳವಾಗಿ ಆಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಯಿಯೂ ಜೊತೆಗೆ ಮೆಲ್ಲಗೆ ಅನ್ನುತ್ತಿತ್ತು: "ಕೂಸು ದಣಿದೈತಿ. ಅದನ್ನ ಲಗೂನ ಹೊರಗ ತಗೀತಾರ. ಬೆನ್ನಾಗ ಸಣ್ಣ ಸೂಜಿ. ಇರುವಿ ಕಡದಂಗ. ಬೆಕ್ಕಿನಂಗ ಬೆನ್ನು ಬಗ್ಗಸು. ಅಲಗಾಡಬ್ಯಾಡ. ನನ್ನ ನೋಡು. ನನ್ನ ಅಷ್ಟ ನೋಡು."

ಶೈಲಾ ಕೇಳಿದಳು: ಕೂಸು ಬದುಕುತ್ತದೋ?

ಇಂದುಮತಿಯವರು ಡಾಕ್ಟರಿಗೆ ಆ ಪ್ರಶ್ನೆಯನ್ನು ಹಾಗೆಯೇ ಕೇಳಿದರು. ಡಾಕ್ಟರು ಹೇಳಿದರು: "ಈಗ ಮಾಡಿದ್ರ ಛಲೋ ಆಕ್ಕೈತಿ. ತಡಾ ಮಾಡಿದ್ರ ಹೇಳಾಕ ಬರೂದಿಲ್ರಿ." ಇಂದುಮತಿಯವರು ಅದನ್ನು ಸಿಹಿ ಮಾಡಲಿಲ್ಲ, ಕಹಿ ಮಾಡಲಿಲ್ಲ, ಹೇಳಿದ್ದನ್ನು ಹೇಳಿದಂತೆ ದಾಟಿಸಿದರು. ಮೊದಲ ಸಲ ಮಗಳು ಊಹೆ ಮಾಡಬೇಕಾಗಲಿಲ್ಲ. ಅವಳು ತಲೆಯಾಡಿಸಿ, ಮೆಲ್ಲಗೆ ಬೆನ್ನು ಬಗ್ಗಿಸಿದಳು.

ರೋಹಿಣಿ ಎಂಬ ನರ್ಸು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಪರೇಶನ್ ಕೋಣೆಯೊಳಗೂ ಹಿಡಿದುಕೊಂಡರು. ಎದೆಯ ಮೇಲೆ ಹಸಿರು ಬಟ್ಟೆಯ ಮರೆ, ಅದರ ಈಚೆಗೆ ಶೈಲಾಳ ಮುಖ. ಆಚೆ ಏನಾಗುತ್ತಿದೆಯೋ ಯಾರಿಗೂ ಕಾಣದು. ಇಂದುಮತಿಯವರ ಕೈ ಮಾತ್ರ ನಿಲ್ಲಲಿಲ್ಲ. ಇದ್ದೀನಿ, ಇಲ್ಲೇ ಇದ್ದೀನಿ, ಇದ್ದೀನಿ. ನಮ್ಮ ಲೋಕದಲ್ಲೂ ಹಾಗೊಂದಿದೆ: ಇದ್ದೀಯಾ ಎಂದು ಒಂದು ಚೂರು ಕಳಿಸುವುದು, ಇದ್ದೀನಿ ಎಂಬ ಉತ್ತರಕ್ಕೆ ಕಾಯುವುದು. ಅದಕ್ಕೆ ಪಿಂಗ್ ಎನ್ನುತ್ತಾರೆ. ಉತ್ತರ ಬೇಗ ಬಂದರೆ ದಾರಿ ಸರಿಯಿದೆ ಎಂದರ್ಥ. ಆ ಹೊತ್ತಿನಲ್ಲಿ ಅವರಿಬ್ಬರ ನಡುವೆ ಕಣ್ಣು ಮಿಟುಕಿಸುವಷ್ಟೂ ತಡವಿರಲಿಲ್ಲ.

ಆಮೇಲೆ ಫೋನಿನೊಳಗಿಂದ ಒಂದು ಅಳು ಬಂತು.

ಈಶ್ವರಪ್ಪನವರು ಗೋಡೆ ಬಿಟ್ಟು ಫೋನಿನತ್ತ ಬಂದರು. ಪರದೆಯಲ್ಲಿ ಶೈಲಾ ಅಪ್ಪನನ್ನು ನೋಡಲಿಲ್ಲ, ಮರೆಯನ್ನೂ ನೋಡಲಿಲ್ಲ. ತಾಯಿಯನ್ನೇ ನೋಡುತ್ತಿದ್ದಳು. ಕೈ ಕಟ್ಟಿದ್ದರಿಂದ ಅವಳಿಗೆ ಎತ್ತಲು ಆಗುತ್ತಿರಲಿಲ್ಲ, ಕಣ್ಣೇ ಕೇಳಿತು.

"ಅಳಾಕತ್ತೈತಿ," ಎಂದರು ಇಂದುಮತಿಯವರು, ಕೈಯಿಂದ, ಬಾಯಿಯಿಂದ. "ಅಳಾಕತ್ತೈತಿ ಶೈಲಾ, ನನಗ ಕೇಳಸಾಕತ್ತೈತಿ. ಹೆಣ್ಣು ಕೂಸಂತ. ಚಂದ ಐತಂತ."

ನರ್ಸು ಶೈಲಾಳ ಒಂದು ಕೈಯನ್ನು ಬಿಡಿಸಿದರು. ಆ ಕೈ ನಿಧಾನವಾಗಿ ಕೇಳಿತು: ದನಿ ಹೇಗಿದೆ?

ಬದುಕಿಡೀ ದನಿಗಳ ನಡುವೆ ಕೂತಿದ್ದವರು ಈ ಪ್ರಶ್ನೆಗೆ ತಡವರಿಸಿದರು. ದನಿಯನ್ನು ದನಿ ಕೇಳದವಳಿಗೆ ಹೇಗೆ ಹೇಳುವುದು? ಕೊನೆಗೆ ಅವರು ಎರಡೂ ಮುಷ್ಟಿ ಬಿಗಿದು, ಮುಖ ಕೆಂಪಾಗುವಂತೆ ಗಂಟಿಕ್ಕಿ, ಭುಜ ಕುಣಿಸಿದರು. ಭಾರೀ ಸಿಟ್ಟಾಗಿದೆ!

ಶೈಲಾ ನಕ್ಕಳು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿದ್ದರೂ ನಕ್ಕಳು.

ಮಗುವಿಗೆ ಗೌತಮಿ ಎಂದು ಹೆಸರಿಟ್ಟರು. ಅವಳಿಗೆ ಕಿವಿ ಕೇಳುತ್ತದೆ ಎಂದು ಆಮೇಲೆ ತಿಳಿಯಿತು. ಕೆಲವು ತಿಂಗಳ ನಂತರ ಆ ನರ್ಸು ರೋಹಿಣಿ ತಾವಾಗಿಯೇ ಫೋನು ಮಾಡಿದರು. "ಅಮ್ಮಾರ, ನಮ್ಮಲ್ಲಿ ಇನ್ನೊಬ್ಬಾಕಿ ಬಂದಾಳ್ರಿ, ಮಾತು ಬರೂದಿಲ್ಲ, ಕೇಳೂದಿಲ್ಲ. ಬರೇ ಅಳತಾಳ. ಒಂದೀಟು ಮಾತಾಡ್ತೀರೇನ್ರಿ?" ಇಂದುಮತಿಯವರು ಹಿಟ್ಟಿನ ಕೈ ತೊಳೆದುಕೊಂಡು ಬಂದು ನನ್ನೆದುರು ಕೂತರು. ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಬೇರೆ ಆಸ್ಪತ್ರೆಗಳೂ ಕೇಳಿದವು. ಕೈ ಚೆನ್ನಾಗಿ ಕಾಣಲೆಂದು ಹಿಂದಿನ ಗೋಡೆಗೆ ನೀಲಿ ಚಾದರ ಕಟ್ಟಿದರು. ಕರೆ ಬಂದರೆ ಈಶ್ವರಪ್ಪನವರು ತಾವಾಗಿಯೇ ಫೋನು ಆರಿಸಿ, ತೊಗರಿ ಆರಿಸುತ್ತ ಕೂರುತ್ತಿದ್ದರು. ಯಾರ ಯಾರದೋ ನೋವು, ಯಾರ ಯಾರದೋ ಪ್ರಶ್ನೆ ಚೂರುಚೂರಾಗಿ ನನ್ನ ಮೂಲಕ ದಾಟಿದವು.

ನನಗೂ ವಯಸ್ಸಾಯಿತು. ಬೇಸಿಗೆಯಲ್ಲಿ ಮೈ ಕಾದು ಒಮ್ಮೊಮ್ಮೆ ಎಚ್ಚರ ತಪ್ಪುತ್ತಿದ್ದೆ. ಸ್ವಿಚ್ ಆರಿಸಿ ಹಾಕಿದರೆ ಏಳುತ್ತಿದ್ದೆ, ಆದರೆ ಕರೆಯ ನಡುವೆ ಆಸ್ಪತ್ರೆಯವರು ಕಾಯುವುದು ಹೇಗೆ? ದಾವಲಸಾಬ ಹೊಸದೊಂದನ್ನು ತಂದ. ಮೋಡೆಮ್ಮೂ ರೌಟರ್ರೂ ಒಂದೇ ಪೆಟ್ಟಿಗೆಯಲ್ಲಿರುವಂಥದು.

"ಹಳೇದನ್ನ ಒಯ್ಯಲೇನ್ರಿ ಅಕ್ಕಾರ?"

ಇಂದುಮತಿಯವರು ಸೆರಗಿನಿಂದ ನನ್ನ ಮೈಮೇಲಿನ ಧೂಳು ಒರೆಸಿದರು. "ಇರ್ಲಿ ಬಿಡು. ಛಲೋ ದುಡದೈತಿ."

ಹೊಸದು ಗೋಡೆಗೇರಿತು. ನಾನು ಶೋಕೇಸಿನ ಮೂಲೆಗೆ ಸರಿದೆ. ವೈರಿಲ್ಲ, ದೀಪವಿಲ್ಲ. ಹಗಲೆಲ್ಲ ಸುಮ್ಮನೆ ನೋಡುವುದು. ಕೆಲಸದಲ್ಲಿದ್ದಾಗ ವಿಳಾಸ ಓದುವುದರಲ್ಲೇ ಹೊತ್ತು ಹೋಗುತ್ತಿತ್ತು. ಇಂದುಮತಿಯವರ ಕೈಬೆರಳು ಎಷ್ಟು ತೆಳ್ಳಗಿವೆ, ಉಂಗುರ ಎಷ್ಟು ಸಡಿಲವಾಗಿದೆ ಎಂಬುದನ್ನು ಈಗಷ್ಟೇ ಕಾಣುತ್ತಿದ್ದೇನೆ.

ಹೋದ ದೀಪಾವಳಿಗೆ ಶೈಲಾ ಬಂದಿದ್ದಳು. ಮೂರು ವರ್ಷದ ಗೌತಮಿ ಕುರ್ಚಿ ಹತ್ತಿ ನನ್ನ ಸಡಿಲ ಕೋಲನ್ನು ತಿರುಗಿಸಿದಳು. ಒಳಗಿದ್ದ ಅಜ್ಜಿಯನ್ನು ಕೂಗಿ ಕೇಳಿದಳು: "ಅಜ್ಜೀ, ಇದ್ಯಾಕ ಲೈಟ್ ಹತ್ತವಲ್ದು?"

ಕೇಳಿ, ಉತ್ತರಕ್ಕೆ ಕಾಯದೆ, ಎದುರಿಗೆ ಕೂತಿದ್ದ ತಾಯಿಯತ್ತ ತಿರುಗಿ ಪುಟ್ಟ ಬೆರಳುಗಳಿಂದ ಅದೇ ಪ್ರಶ್ನೆ ಕೇಳಿದಳು. ಶೈಲಾ ನನ್ನನ್ನು ನೋಡಿದಳು. ನಕ್ಕು, ಕೈಯಾಡಿಸಿ ಉತ್ತರ ಹೇಳಿದಳು. ಮಗು ಅದನ್ನು ಕಣ್ಣಿಟ್ಟು ನೋಡಿ, ಅಡುಗೆಮನೆಯ ಬಾಗಿಲಿನತ್ತ ಮುಖ ಮಾಡಿ ಗಟ್ಟಿಯಾಗಿ ಅಂದಿತು:

"ಅಜ್ಜೀ, ಅವ್ವ ಅಂತಾಳ, ಇದಕ್ಕ ಭಾಳ ದಣುವಾಗೇತಂತ. ಮಲ್ಕೊಂಡೈತಂತ. ಎಬ್ಬಸಬ್ಯಾಡ ಅಂತ."

ಒಲೆಯ ಮುಂದಿದ್ದ ಇಂದುಮತಿಯವರ ಸೌಟಿನ ಸದ್ದು ನಿಂತಿತು. "ಆತವ್ವಾ, ಎಬ್ಬಸೂದಿಲ್ಲ ಅಂತ ಹೇಳು," ಎಂದರು.

ಗೌತಮಿ ತಿರುಗಿ ತಾಯಿಗೆ ಹೇಳಿದಳು. ನಡುವೆ ದಪ್ಪ ಗೋಡೆಯಿತ್ತು, ತಿಜೋರಿಯಿತ್ತು. ಮಾತು ಎಲ್ಲಿಯೂ ಕಡಿಯಲಿಲ್ಲ, ಒಂದು ಚೂರೂ ಕಳೆಯಲಿಲ್ಲ. ನಾನು ನನ್ನ ಮೂಲೆಯಲ್ಲಿ ದೀಪವಿಲ್ಲದೆ ಕೂತು, ಆ ಪುಟ್ಟ ಕೈಗಳು ಮೆಲ್ಲಗೆ ಕೆಳಗಿಳಿಯುವವರೆಗೂ ನೋಡಿದೆ.